ಇಲಿಗೂ ಬೆಳಕಿಗೂ ದಾರಿಯಿಲ್ಲದ ಮನೆ

ಬಸ್ಸಿನಿಂದ ಇಳಿದವಳೇ ಮೇಷ್ಟ್ರಮ್ಮ, ಕೈಯ ಚೀಲವನ್ನು ಮನೆಯಲ್ಲಿಡುವಷ್ಟೂ ತಾಳ್ಮೆಯಿಲ್ಲದೆ ಶಾಲೆಯ ಹಿಂಭಾಗಕ್ಕೆ ನಡೆದಳು. ಈ ಶಾಲೆಗೆ ಮೊದಲಿನಿಂದ ಬಂದವರೆಲ್ಲ ಗಂಡಸರು, ಮೇಷ್ಟ್ರುಗಳು. ಹೋದ ವರ್ಷ ಇವಳು ಬಂದಾಗ ಊರು ಹೊಸ ಪದ ಹುಡುಕುವ ತಾಪತ್ರಯಕ್ಕೆ ಹೋಗದೆ ಹಳೆಯದಕ್ಕೇ ಒಂದು ‘ಅಮ್ಮ’ ಅಂಟಿಸಿ ಕೆಲಸ ಮುಗಿಸಿತ್ತು. ಕಳೆದ ಹನ್ನೆರಡು ದಿನ ಅವಳು ಪಟ್ಟಣದ ತರಬೇತಿಯಲ್ಲಿ ಕೂತು, ಹಳ್ಳಿಯ ಮಕ್ಕಳಿಗೆ ಪಾಠ ಮಾಡುವ ಬಗೆಯನ್ನು ಹಳ್ಳಿಯನ್ನೇ ಕಾಣದವರಿಂದ ಕಲಿತು ಬಂದಿದ್ದಳು. ಮೈ ಅಲ್ಲಿತ್ತು, ಜೀವ ಇಲ್ಲಿತ್ತು. ಅವಳು ಹೊರಡುವಾಗ ಶಾಲೆಯ ಹಿಂದೆ ಆರು ಮರದ ಕಂಬಗಳು ನಿಂತಿದ್ದವಷ್ಟೇ. ಊರವರೇ ಸೇರಿ ಕಟ್ಟುತ್ತಿದ್ದ ಓದುಮನೆಯ ಕಂಬಗಳು.

ಈಗ ಅಲ್ಲಿ ಮನೆಯೇ ನಿಂತಿತ್ತು. ದಪ್ಪ ಮಣ್ಣಿನ ಗೋಡೆ, ಆಗಷ್ಟೇ ಕತ್ತರಿಸಿದ ಕೂದಲಿನಂತೆ ಒಪ್ಪವಾದ ಹುಲ್ಲಿನ ಮಾಡು. ದೃಷ್ಟಿ ತಾಗಬೇಕು, ಅಷ್ಟು ಚಂದ. ಮೇಷ್ಟ್ರಮ್ಮ ಹೊಗಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಮುಂದಿನ ಗೋಡೆಯಲ್ಲಿ ಕಿಟಕಿಯಿರಲಿಲ್ಲ. ಪಕ್ಕದ್ದರಲ್ಲಿ ಇದ್ದೀತೆಂದು ಸುತ್ತು ಹಾಕಿದಳು. ಪಕ್ಕದ್ದರಲ್ಲೂ ಇರಲಿಲ್ಲ. ಹಿಂದಿನದರಲ್ಲೂ ಇರಲಿಲ್ಲ. ನಾಲ್ಕನೆಯ ಗೋಡೆಯನ್ನು, ಪಾಸಾದವರ ಪಟ್ಟಿಯಲ್ಲಿ ತಮ್ಮ ನಂಬರು ಹುಡುಕುವವರ ಹಾಗೆ ಮೇಲಿನಿಂದ ಕೆಳಗೆ ಎರಡು ಸಲ ನೋಡಿದಳು. ಇಡೀ ಮನೆಗೆ ಇದ್ದದ್ದು ಒಂದೇ ಬಾಗಿಲು. ಅದೂ ನೆಲದಿಂದ ಅಲ್ಲ, ಸೊಂಟದೆತ್ತರದಿಂದ ಶುರುವಾಗಿ, ಒಬ್ಬರು ತಲೆ ತಗ್ಗಿಸಿ ನುಸುಳುವಷ್ಟು. ಹತ್ತಲು ಮೂರು ಮೆಟ್ಟಿಲ ಏಣಿ.

ಅವಳಿಗೆ ಗೊತ್ತಾಯಿತು. ಇದು ಕಣಜ. ದವಸ ತುಂಬಿಡುವ ಕಣಜವನ್ನು ಹತ್ತು ಪಟ್ಟು ಹಿಗ್ಗಿಸಿ ಕಟ್ಟಿದ್ದರು.

ಅವಳು ಬಂದ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು. ಹತ್ತಿಪ್ಪತ್ತು ಜನ ನೆರೆದರು. ಎಲ್ಲರ ಮುಂದೆ ಬಡಗಿ. ಊರಿಗೆಲ್ಲ ಅವನು ದೊಡ್ಡಪ್ಪ, ಅವನ ಹೆಂಡತಿ ದೊಡ್ಡಮ್ಮ. ಅವರ ಮನೆಯ ರಸ್ತೆ ಬದಿಯ ಕೋಣೆಯಲ್ಲೇ ಮೇಷ್ಟ್ರಮ್ಮನ ವಾಸ. ದೊಡ್ಡಪ್ಪನ ಪಕ್ಕದಲ್ಲಿ ಗಾರೆಯವನು. ಬಾಯಿ ತೆರೆದರೆ ‘ಲೆವೆಲ್ಲು’ ಅನ್ನುವ ಚಾಳಿಯಿಂದ ಅವನಿಗೆ ಲೆವೆಲ್ ಮೇಸ್ತ್ರಿ ಎಂದೇ ಹೆಸರು ನಿಂತಿತ್ತು.

“ಹೇಗಿದೆ ಮಗಳೇ?” ದೊಡ್ಡಪ್ಪ ಕೇಳಿದ. ಮೂವತ್ತು ವರ್ಷ ಕಣಜ ಕಟ್ಟಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಹೊಗಳಿಕೆಗೆ ಕಾಯುವವರು ಕೈ ಎಲ್ಲಿಡಬೇಕೆಂದು ತಿಳಿಯದೆ ಹಾಗೆ ಮಾಡುತ್ತಾರೆ.

“ತುಂಬಾ ಚೆನ್ನಾಗಿದೆ ದೊಡ್ಡಪ್ಪ,” ಅಂದಳು ಮೇಷ್ಟ್ರಮ್ಮ. ಆ ವಾರದ ಮೊದಲ ಸುಳ್ಳು ಅದು. ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ.

“ಒಳಗೆ ಹೋಗಿ ನೋಡು ಮತ್ತೆ!”

ಅವಳು ಏಣಿ ಹತ್ತಿ ನುಸುಳಿದಳು. ಹಿಂದೆಯೇ ಬಂದ ಲೆವೆಲ್ ಮೇಸ್ತ್ರಿ, ತೋರಿಸುವ ಹುಮ್ಮಸ್ಸಿನಲ್ಲಿ, ಬಾಗಿಲನ್ನು ಎಳೆದುಕೊಂಡ. ಕತ್ತಲೆಂದರೆ ಕತ್ತಲು, ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಮುಟ್ಟಿ ನೋಡಿಕೊಳ್ಳಬೇಕು. ಆ ಕತ್ತಲೊಳಗಿಂದ ಮೇಸ್ತ್ರಿಯ ದನಿ ಬಂತು: “ನೆಲದ ಮೇಲೆ ನೀರು ಚೆಲ್ಲಿ ನೋಡಿ ಮೇಷ್ಟ್ರಮ್ಮ. ಯಾವ ಕಡೆ ಹರೀಬೇಕು ಅಂತ ಅದಕ್ಕೇ ಗೊತ್ತಾಗಲ್ಲ. ಅಂಥಾ ಲೆವೆಲ್ಲು.”

“ಒಂದು ಇಲಿ ಬರಲಿ, ಒಂದು ಹನಿ ನೀರು ಬರಲಿ, ನನ್ನ ಹೆಸರು ಬದಲಾಯಿಸ್ತೀನಿ,” ಹೊರಗಿನಿಂದ ದೊಡ್ಡಪ್ಪ ಕೂಗಿ ಹೇಳಿದ.

ಅವಳು ಚೀಲದೊಳಗೆ ಕೈ ಹಾಕಿ ತರಬೇತಿಯ ಪುಸ್ತಕವನ್ನು ತೆಗೆದು ಮುಖದ ಮುಂದೆ ಹಿಡಿದಳು. ಪುಸ್ತಕವಿದೆ ಎಂಬುದು ವಾಸನೆಯಿಂದ ತಿಳಿಯುತ್ತಿತ್ತು.

ಅಂದು ಬುಧವಾರ. ಗ್ರಂಥಾಲಯದ ಸಾಹೇಬರು ಬರುವುದು ಸೋಮವಾರ. ಅವರ ಕಾಗದ ಎರಡು ಸಾಲಿನದು: ಕಟ್ಟಡವು ಯೋಗ್ಯವಾಗಿದ್ದಲ್ಲಿ ಮುನ್ನೂರು ಪುಸ್ತಕ ಸ್ಥಳದಲ್ಲೇ ಕೊಡಲಾಗುವುದು, ಇಲ್ಲದಿದ್ದಲ್ಲಿ ಪಟ್ಟಿಯಲ್ಲಿರುವ ಮುಂದಿನ ಊರಿಗೆ ಹೋಗುವುದು. ಆ ಮುನ್ನೂರು ಪುಸ್ತಕದ ಆಸೆಗೆ ಮೇಷ್ಟ್ರಮ್ಮ ಒಂಬತ್ತು ಅರ್ಜಿ ಬರೆದಿದ್ದಳು. ಕಾರಣ ಸರಳ. ಈ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದವರಿಗೆ ಆಮೇಲೆ ಓದಲು ಏನೂ ಸಿಗುತ್ತಿರಲಿಲ್ಲ. ನಡೆಯದ ದಾರಿಯ ಮೇಲೆ ಹುಲ್ಲು ಬೆಳೆಯುವಂತೆ ಎರಡು ಮೂರು ವರ್ಷದಲ್ಲಿ ಅಕ್ಷರ ಮುಚ್ಚಿಹೋಗುತ್ತಿತ್ತು. ಹಿಂದೊಮ್ಮೆ ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಿದ್ದಳೆಂದು ಊರು ಹೇಳುವ ಹೆಣ್ಣುಮಗಳೊಬ್ಬಳು ಅಂಚೆಯವನ ಮುಂದೆ ಸಹಿ ಹಾಕಲು ಪೆನ್ನು ಹಿಡಿದು, ಯೋಚಿಸಿ, ಪೆನ್ನನ್ನು ಮೆಲ್ಲಗೆ ಕೆಳಗಿಟ್ಟು ಹೆಬ್ಬೆಟ್ಟು ಚಾಚಿದ್ದನ್ನು ಅವಳು ಕಂಡಿದ್ದಳು. ಅಂದಿನಿಂದ ಅವಳ ನಿದ್ದೆ ಕೆಟ್ಟಿತ್ತು.

ತಪ್ಪು ಎಲ್ಲಾಯಿತೆಂದು ಅವಳು ತುಂಬ ಹುಡುಕಬೇಕಾಗಲಿಲ್ಲ. ಕೆಲಸ ಶುರುಮಾಡುವ ಮುನ್ನ ಶಾಲೆಯ ಜಗಲಿಯಲ್ಲಿ ಊರನ್ನು ಕೂಡಿಸಿ ಒಂದು ಗಂಟೆ ಭಾಷಣ ಮಾಡಿದ್ದು ಅವಳೇ. ಇಲಾಖೆಯ ಕೈಪಿಡಿಯನ್ನು ಬಾಯಿಪಾಠ ಮಾಡಿ, ಪುಸ್ತಕದ ಶತ್ರುಗಳು ಯಾರು ಯಾರು ಎಂದು ಬೆರಳು ಮಡಚಿ ಹೇಳಿದ್ದಳು: ಇಲಿ, ಗೆದ್ದಲು, ತೇವ, ಬಿಸಿಲು, ಧೂಳು. ಜನ ತಲೆದೂಗಿದ್ದರು. ಈ ಐವರೂ ಅವರಿಗೆ ತಲೆತಲಾಂತರದ ಪರಿಚಿತರು. ಒಂದು ಗಂಟೆಯಲ್ಲಿ ಅವಳು ಹೇಳದೆ ಬಿಟ್ಟದ್ದು ಒಂದೇ: ಅಲ್ಲಿ ಜನ ಕೂತು ಓದುತ್ತಾರೆ ಎಂಬುದು. ಅದನ್ನೂ ಹೇಳಬೇಕೇ ಅಂದುಕೊಂಡಿದ್ದಳು.

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಮ್ಮ ಅವಳ ಮುಖವನ್ನೇ ನೋಡಿದಳು. “ಏನೇ ಹುಡುಗಿ, ಪಟ್ಟಣದವರು ನಿನ್ನನ್ನ ಹಿಂಡಿ ಒಣಗಿಹಾಕಿದ್ರಾ?”

“ಬಸ್ಸಲ್ಲಿ ಕೂತು ಸುಸ್ತು ದೊಡ್ಡಮ್ಮ.”

“ಕೂತು ಸುಸ್ತಾಗೋರನ್ನ ನಾನು ಇವತ್ತೇ ನೋಡಿದ್ದು.”

ದೊಡ್ಡಪ್ಪ ಮಾತ್ರ ಖುಷಿಯಲ್ಲಿದ್ದ. ಸಾಹೇಬರಿಗೆ ಏಣಿ ಹತ್ತಲು ಕಷ್ಟವಾದರೆ ಹಿಡಿದುಕೊಳ್ಳಲು ಒಂದು ಹಗ್ಗ ಕಟ್ಟುವ ಯೋಚನೆ ಮಾಡುತ್ತಿದ್ದ. ಮೇಷ್ಟ್ರಮ್ಮನಿಗೆ ಬಾಯಲ್ಲಿಟ್ಟ ತುತ್ತು ಬಿಸಿತುಪ್ಪವಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಈಗ ಹೇಳುತ್ತೇನೆ, ಈ ತುತ್ತಾದ ಮೇಲೆ ಹೇಳುತ್ತೇನೆ ಎನ್ನುತ್ತ ಊಟವೇ ಮುಗಿಯಿತು. ಹಾಸಿಗೆಯಲ್ಲಿ ಮಲಗಿ, ನಾಳೆ ಹೇಳಬೇಕಾದ ಮಾತನ್ನು ಹದಿನಾಲ್ಕು ಬಗೆಯಲ್ಲಿ ಹೇಳಿ ನೋಡಿದಳು. ಹದಿನಾಲ್ಕರಲ್ಲೂ ದೊಡ್ಡಪ್ಪನ ಮುಖ ಒಂದೇ ರೀತಿ ಬಾಡುತ್ತಿತ್ತು.

ಗುರುವಾರ ಅವಳು ದೊಡ್ಡಪ್ಪನ ಹತ್ತಿರ ಹೋಗಲಿಲ್ಲ. ಹೇಡಿಗಳಿಗೆ ಯಾವಾಗಲೂ ಒಂದು ಅಡ್ಡದಾರಿ ಕಾಣುತ್ತದೆ. ಅವಳಿಗೆ ಲೆವೆಲ್ ಮೇಸ್ತ್ರಿ ಕಂಡ.

“ಮೇಸ್ತ್ರಿ, ಸುಮ್ಮನೆ ಒಂದು ಮಾತಿಗೆ ಕೇಳ್ತೀನಿ. ಕಟ್ಟಿದ ಗೋಡೆಗೆ ಆಮೇಲೆ ಕಿಟಕಿ ತೆಗೀಬಹುದಾ?”

“ಯಾರ ಗೋಡೆಗೆ?”

“ಯಾರದ್ದಾದರೂ ಅಂದ್ಕೊಳ್ಳಿ.”

“ಯಾರದ್ದಾದರೂ ಅಂದ್ರೆ ಹೇಗೆ? ಗೋಡೆಗೂ ಅಪ್ಪ ಅಮ್ಮ ಇರ್ತಾರೆ. ಹಸಿ ಮಣ್ಣಿನ ಗೋಡೆಯಾದ್ರೆ ಎರಡು ತಿಂಗಳು ಒಣಗಬೇಕು. ಹಸೀಲಿ ನಡುವೆ ತೂತು ಹೊಡೆದ್ರೆ ಮೇಲಿಂದು ಕೆಳಗೆ ಕೂರುತ್ತೆ, ಕೆಳಗಿಂದು ಹೊಟ್ಟೆ ಬಿಡುತ್ತೆ. ಆಮೇಲೆ ಲೆವೆಲ್ಲನ್ನ ಎಲ್ಲಿ ಹುಡುಕ್ತೀರಿ?” ಎಂದವನು ತಟ್ಟನೆ ನಿಂತು ಅವಳನ್ನು ನೋಡಿದ. “ಮೇಷ್ಟ್ರಮ್ಮ. ನಮ್ಮ ಗೋಡೆಗಾ?”

“ಯಾರಿಗೂ ಹೇಳಬೇಡಿ,” ಅಂದಳು ಅವಳು.

ಇಂಥ ಮಾತಿನ ನಡಿಗೆ ಎಲ್ಲ ಊರಲ್ಲೂ ಒಂದೇ. ಯಾರಿಗೂ ಹೇಳಬೇಡಿ ಎಂದದ್ದು ಮಧ್ಯಾಹ್ನದ ಹೊತ್ತಿಗೆ ಬಾವಿಕಟ್ಟೆ ತಲುಪಿತು. ಸಂಜೆ ಅವಳು ಶಾಲೆಯಿಂದ ಬರುವಾಗ, ಹೆಂಗಸರು ಮಾತು ನಿಲ್ಲಿಸಿ ಕೊಡಗಳ ಮೇಲೆ ವಿಶೇಷ ಆಸಕ್ತಿ ತೋರಿಸಿದರು.

ಮನೆಯ ಅಂಗಳದಲ್ಲಿ ದೊಡ್ಡಪ್ಪ ಒಂದು ಹಲಗೆಯನ್ನು ಕೀಸುಳಿಯಿಂದ ನುಣುಪು ಮಾಡುತ್ತಿದ್ದ. ಹಲಗೆ ಎಂದೋ ನುಣುಪಾಗಿತ್ತು, ಅವನು ಬಿಟ್ಟಿರಲಿಲ್ಲ. ತಲೆ ಎತ್ತದೆ ಕೇಳಿದ: “ಕಿಟಕಿ ಬೇಕಂತೆ.”

“ದೊಡ್ಡಪ್ಪ, ನಾನೇ ನಿಮಗೆ ಹೇಳಬೇಕು ಅಂತ…”

“ಬೇಕಾದ್ರೆ ಬೇಕು ಅನ್ನಿ, ಮೇಷ್ಟ್ರಮ್ಮನವರೇ. ನಾವಿಬ್ಬರೂ ಇರೋದು ಒಂದೇ ಸೂರಿನಡಿ. ಆ ಮಾತು ಊರೆಲ್ಲ ಸುತ್ತಿ, ಬಾವಿ ನೀರು ಕುಡಿದು, ನನ್ನ ಹತ್ತಿರ ಬರಬೇಕಾಗಿತ್ತಾ?”

ಮಗಳೇ ಹೋಗಿ ಮೇಷ್ಟ್ರಮ್ಮನವರೇ ಬಂದಿತ್ತು. ನೀನು ಹೋಗಿ ನೀವು ಬಂದಿತ್ತು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮರ್ಯಾದೆ ಕೊಟ್ಟದ್ದು ಎದೆಗೆ ಒದ್ದಂತಾಯಿತು.

“ಓದೋಕೆ ಬೆಳಕು ಬೇಕಲ್ಲ ದೊಡ್ಡಪ್ಪ,” ಅಂದಳು ಮೆಲ್ಲಗೆ.

“ಬೇಕಾ? ನೀವು ಹೇಗೆ ಓದ್ತೀರಿ?” ಅವನು ಕೀಸುಳಿಯನ್ನು ಕೆಳಗಿಟ್ಟ. “ಒಂದು ವರ್ಷದಿಂದ ನಿಮ್ಮ ಬಾಗಿಲಿಗೆ ಎದುರಾಗಿ ಕೂತು ಕೆಲಸ ಮಾಡ್ತಿದೀನಿ. ಶಾಲೆಯಿಂದ ಬರ್ತೀರಿ. ಪುಸ್ತಕ ತೆಗೀತೀರಿ. ಬಾಗಿಲು ಹಾಕ್ತೀರಿ. ಕಿಟಕಿ ಹಾಕ್ತೀರಿ. ಆಮೇಲೆ ಬಲ್ಬು ಹಾಕ್ತೀರಿ. ಹೊರಗೆ ನೋಡಿದ್ರೆ ಬಿಸಿಲು ಧಗಧಗ ಅಂತಿರುತ್ತೆ. ಈ ಊರಲ್ಲಿ ಓದೋರು ಅಂತ ನಾವು ಕಂಡಿರೋದು ನಿಮ್ಮೊಬ್ಬರನ್ನೇ. ಓದೋದು ಅಂದ್ರೆ ಹಾಗೆ, ಎಲ್ಲ ಮುಚ್ಚಿಕೊಂಡು ಮಾಡೋ ಕೆಲಸ ಅಂದ್ಕೊಂಡ್ವಿ. ಬಲ್ಬು ನೀವೇ ತರ್ತೀರಿ ಅಂದ್ಕೊಂಡ್ವಿ. ತಿಳೀದೆ ಮಾಡಿದ್ದು. ತಪ್ಪಾಯ್ತು.”

ಅವಳ ಹತ್ತಿರ ಉತ್ತರ ಇತ್ತು, ಆದರೆ ಹೇಳುವಂಥದಾಗಿರಲಿಲ್ಲ. ಅವಳ ಕಿಟಕಿ ರಸ್ತೆಗೆ ಮುಖ ಮಾಡಿತ್ತು. ತೆರೆದರೆ ದಾರಿಹೋಕರೆಲ್ಲ ಕಂಬಿಗೆ ಹಣೆ ಒತ್ತಿ ನಿಲ್ಲುತ್ತಿದ್ದರು: ಏನು ಓದ್ತಿದೀರಿ? ಕಥೆನಾ? ಎಷ್ಟು ಪುಟ ಆಯ್ತು? ಇನ್ನೂ ಅಷ್ಟಿದೆಯಾ! ಅವರ ಕಾಟ ತಾಳದೆ ಅವಳು ಬಂದ ಎರಡನೆಯ ವಾರಕ್ಕೇ ಕಿಟಕಿ ಮುಚ್ಚಿದ್ದಳು. ಓದುವವರನ್ನು ಕಾಣದ ಊರಿಗೆ ಓದಿನ ಆಸೆ ಹತ್ತಿಸಬೇಕೆಂದು ಅರ್ಜಿಗಳ ಮೇಲೆ ಅರ್ಜಿ ಬರೆದದ್ದೂ ಆ ಮುಚ್ಚಿದ ಕಿಟಕಿಯ ಹಿಂದೆಯೇ.

“ತಪ್ಪು ನನ್ನದು ದೊಡ್ಡಪ್ಪ,” ಅಂದಳು.

“ಯಾರದ್ದಾದರೇನು? ಗೋಡೆ ಅಂತೂ ನಿಂತಿದೆ,” ಎಂದು ಅವನು ಮತ್ತೆ ಕೀಸುಳಿ ಹಿಡಿದ.

ಹೊಸ ಕಟ್ಟಡಕ್ಕೆ ಕರೆಂಟು ಬರಲು ಒಂದು ವರ್ಷ. ಹುಲ್ಲಿನ ಮಾಡಿನಡಿ ಕಾಗದದ ನಡುವೆ ದೀಪ ಹಚ್ಚಿಡುವುದೆಂದರೆ ಮನೆಗೂ ಪುಸ್ತಕಕ್ಕೂ ಒಟ್ಟಿಗೇ ಕೊಳ್ಳಿ. ಶುಕ್ರವಾರವಿಡೀ ಮೇಷ್ಟ್ರಮ್ಮ ಪಾಠದ ನಡುವೆ ಕ್ಯಾಲೆಂಡರು ನೋಡಿದಳು. ಅದರಲ್ಲಿ ಹೊಸ ದಿನ ಯಾವುದೂ ಹುಟ್ಟಿರಲಿಲ್ಲ. ಮುಂದಿನ ಊರಿನ ಹೆಸರಿಗೆ ಸಾಹೇಬರು ಟಿಕ್ಕು ಹಾಕುವ ಸದ್ದು ಕಿವಿಯಲ್ಲೇ ಕೇಳಿಸುತ್ತಿತ್ತು. ಮನೆಗೆ ಬಂದರೆ ದೊಡ್ಡಪ್ಪನ ಅದೇ ಮರ್ಯಾದೆ. ಅವನು ಊಟಕ್ಕೆ ಕೂತು ‘ಮೇಷ್ಟ್ರಮ್ಮನವರಿಗೆ ಬಡಿಸು’ ಎಂದಾಗ ದೊಡ್ಡಮ್ಮನೇ ಸೌಟು ಕುಕ್ಕಿದಳು. “ಏನು ನವರು ನವರು ಅಂತೀರಿ? ಮನೇಲಿ ಕಚೇರಿ ನಡೀತಿದೆಯಾ? ಕಣಜಕ್ಕೆ ಬಾಯಿ ಮಾಡೋಕೆ ಬರೋರಿಗೆ ಕಿಟಕಿ ಮಾಡೋಕೆ ಬರಲ್ವಾ?”

“ಬಂದ್ರೆ ಮಾಡ್ತಿರಲಿಲ್ವಾ?” ದೊಡ್ಡಪ್ಪ ಗುಡುಗಿದ. “ಹಸಿ ಗೋಡೆ ಕಣೇ!”

ಗುಡುಗಿದ್ದು ಕೇಳಿ ಮೇಷ್ಟ್ರಮ್ಮನಿಗೆ ತುಸು ಜೀವ ಬಂತು. ಎರಡು ದಿನದಿಂದ ಅವನೂ ಅದನ್ನೇ ಯೋಚಿಸುತ್ತಿದ್ದ ಅಂತಾಯಿತು.

ಶನಿವಾರ ಬೆಳಗ್ಗೆ ಅವಳು ಹೋಗಿ ನೋಡಿದರೆ ದೊಡ್ಡಪ್ಪ ಓದುಮನೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಗೋಡೆಯನ್ನಲ್ಲ, ಮಾಡನ್ನು ನೋಡುತ್ತಿದ್ದ. ಪಕ್ಕದಲ್ಲಿ ಲೆವೆಲ್ ಮೇಸ್ತ್ರಿ, ಯಾರದೋ ಕಾಯಿಲೆ ವಿಚಾರಿಸಲು ಬಂದವರಂತೆ ಕುಕ್ಕರಗಾಲಲ್ಲಿ.

“ಮೇಸ್ತ್ರಿ,” ಎಂದ ದೊಡ್ಡಪ್ಪ, “ಈ ಮಾಡನ್ನ ಹೊತ್ತಿರೋದು ಏನು?”

“ಏನಂದ್ರೆ? ನಿನ್ನ ಕಂಬ.”

“ಗೋಡೆ ಏನು ಹೊತ್ತಿದೆ?”

ಮೇಸ್ತ್ರಿಗೆ ಮುಂದಿನದು ಹೊಳೆಯಿತು, ಮುಖ ಬಿಳುಚಿತು. “ಗೋಡೆ… ಗೋಡೆ ತನ್ನನ್ನ ತಾನು ಹೊತ್ತಿದೆ.”

“ಹಾಗಾದ್ರೆ ನಡುವೆ ತೂತು ಯಾಕೆ? ತಲೆಯನ್ನೇ ತೆಗೆಯೋಣ. ಮೂರು ಕಡೆ, ಮೇಲಿನಿಂದ ಒಂದೂವರೆ ಮೊಳ. ಮೇಲೆ ಏನೂ ಇಲ್ಲ ಅಂದ್ಮೇಲೆ ಕೂರೋದು ಏನು ಬಂತು? ಹಸಿ ಇದ್ದಷ್ಟೂ ಒಳ್ಳೇದು, ಸಾಬೂನಿನ ಹಾಗೆ ಕುಯ್ಯಬಹುದು.”

“ಒಂದೂವರೆ ಮೊಳ!” ಮೇಸ್ತ್ರಿ ಎದ್ದು ನಿಂತ. “ಹನ್ನೊಂದು ದಿನದ ಕೆಲಸ! ನನ್ನ ಲೆವೆಲ್ಲು!”

“ನೀನೇ ಕುಯ್ಯಿ. ಲೆವೆಲ್ಲಾಗಿ ಕುಯ್ಯಿ. ಬೇರೆಯವರ ಕೈಗೆ ಕೊಟ್ಟೇನಾ?”

ಮೇಸ್ತ್ರಿ ಸ್ವಲ್ಪ ಹೊತ್ತು ದೂರ ಹೋಗಿ ಬೆನ್ನು ಹಾಕಿ ನಿಂತಿದ್ದ. ಆಮೇಲೆ ಬಂದು ಗೋಡೆಯುದ್ದಕ್ಕೂ ದಾರ ಎಳೆದ. ಆ ಎರಡು ದಿನ ಅವನು ಕುಯ್ದ ಅಂಚನ್ನು ನೋಡಿದವರು, ಕಟ್ಟಿದ ಗೋಡೆಗಿಂತ ಕೆಡವಿದ ಗೋಡೆಯೇ ಚಂದ ಅಂದರು. ಅವನನ್ನು ಸಮಾಧಾನ ಮಾಡಲು ಅಂದದ್ದೂ ಇರಬಹುದು. ಕೈ ಹಾಕಿದ್ದು ಹಾಕಿದೆವೆಂದು ಬಾಗಿಲನ್ನೂ ನೆಲದವರೆಗೆ ಇಳಿಸಿದರು. ಭಾನುವಾರ ಸಂಜೆ ಮೇಷ್ಟ್ರಮ್ಮ ಒಳಗೆ ನಿಂತಾಗ ಮೂರು ಗೋಡೆಗಳ ಮೇಲಿಂದ ಬೆಳಕು ಸುರಿಯುತ್ತಿತ್ತು. ದೊಡ್ಡಪ್ಪನ ಕಂಬಗಳು ಮಾಡನ್ನು ಸಲೀಸಾಗಿ ಎತ್ತಿ ಹಿಡಿದಿದ್ದವು. ಅವಳ ಎದೆಯ ಮೇಲಿದ್ದ ಕಲ್ಲು ಉರುಳಿತು. ಪುಸ್ತಕದ ಐವರು ಶತ್ರುಗಳು ಆ ಕ್ಷಣಕ್ಕೆ ಅವಳ ನೆನಪಿಗೆ ಬರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಜೀಪು ಬಂತು. ಸಾಹೇಬರು ಸಣಕಲು ಮನುಷ್ಯ. ಎಷ್ಟೋ ಊರಿನ ಧೂಳು ಕುಡಿದು ದನಿ ಕೂಡ ಧೂಳಿನ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸೀಟಿನಲ್ಲಿ ಪುಸ್ತಕದ ಕಟ್ಟುಗಳು. ಅವರು ಒಳಗೆ ಬಂದು ಮೇಲೆ ನೋಡಿ, “ಒಳ್ಳೆ ಗಾಳಿ ಬೆಳಕು,” ಅಂದರು. ಮೇಷ್ಟ್ರಮ್ಮ ದೊಡ್ಡಪ್ಪನನ್ನು ನೋಡಿದಳು. ದೊಡ್ಡಪ್ಪ ಲೆವೆಲ್ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ತನ್ನ ಅಂಚನ್ನು ನೋಡಿದ.

ಸಾಹೇಬರು ಹಲಗೆಗೆ ಸಿಕ್ಕಿಸಿದ ನಮೂನೆ ತೆಗೆದರು. “ಹನ್ನೆರಡು ಪ್ರಶ್ನೆ. ಹೌದು ಇಲ್ಲ ಅಂದ್ರೆ ಸಾಕು. ಒಂದು: ಕಟ್ಟಡಕ್ಕೆ ಬಾಗಿಲು ಇದೆಯೇ?”

“ಇದೆ.”

“ಬೀಗ?”

“ಇದೆ.”

“ಮಾಡು ಸೋರುತ್ತದೆಯೇ?”

“ಇಲ್ಲ,” ಎಂದು ಮೇಷ್ಟ್ರಮ್ಮನಿಗಿಂತ ಮೊದಲು ಎಂಟು ಜನ ಹೇಳಿದರು.

ನಾಲ್ಕು, ಐದು, ಆರು ಸರಾಗವಾಗಿ ದಾಟಿದವು. “ಏಳು: ಇಲಿ ಹೆಗ್ಗಣಗಳು ಒಳಬರಲು ಆಸ್ಪದವಿದೆಯೇ?”

ಮೇಷ್ಟ್ರಮ್ಮನ ಕಾಲಡಿಯ ನೆಲ, ಅಷ್ಟು ಲೆವೆಲ್ಲಾದ ನೆಲ, ಓಲಾಡಿತು. ಅವಳು ಬಗ್ಗಿ ಆ ಕಾಗದವನ್ನು ಓದಿದಳು. ಎಂಟು: ಮಳೆಯ ಎರಚಲು ಬೀಳುವುದೇ? ಒಂಬತ್ತು: ಅನ್ಯರು ಗೋಡೆ ಹಾರಿ ಬರಲು ಸಾಧ್ಯವೇ? ಹತ್ತು: ನೇರ ಬಿಸಿಲು? ಹನ್ನೊಂದು: ಧೂಳು? ಹನ್ನೆರಡನೆಯದು ಗೆದ್ದಲು. ಹನ್ನೆರಡರಲ್ಲಿ ಒಂದು ಕಡೆಯೂ ಬೆಳಕಿನ ಮಾತಿರಲಿಲ್ಲ. ಓದುವವರ ಮಾತೂ ಇರಲಿಲ್ಲ. ಕಳೆದ ಬುಧವಾರ ಈ ಕಾಗದ ಬಂದಿದ್ದರೆ ದೊಡ್ಡಪ್ಪನ ಕಣಜ ಹನ್ನೆರಡಕ್ಕೆ ಹನ್ನೆರಡು ಅಂಕ ಪಡೆಯುತ್ತಿತ್ತು.

“ಸುಮ್ಮನೆ ಕೆಡವಿಸಿದ್ರಿ,” ಎಂದು ಹಿಂದಿನಿಂದ ಲೆವೆಲ್ ಮೇಸ್ತ್ರಿ ಗೊಣಗಿದ.

“ಮೇಡಂ, ಏಳಕ್ಕೆ ಏನು ಬರೀಲಿ?” ಸಾಹೇಬರು ಕೇಳಿದರು. ಅವರ ಕಣ್ಣು ಗೋಡೆಯ ಮೇಲಿನ ಒಂದೂವರೆ ಮೊಳದ ಆಕಾಶದ ಮೇಲಿತ್ತು.

ಇಲ್ಲ ಅನ್ನಬಹುದಿತ್ತು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? “ಇದೆ,” ಅಂದಳು ಮೇಷ್ಟ್ರಮ್ಮ.

“ಇದೆ ಅಂತ ಬರೆದ್ರೆ ಪುಸ್ತಕ ಇಳಿಯಲ್ಲ ಮೇಡಂ.”

“ಇದನ್ನ ತೆರೆಸಿದ್ದು ನಾನೇ ಸಾರ್. ಇವರು ಇಲಿಯೇನು, ಗಾಳಿಯೂ ನುಗ್ಗದ ಹಾಗೆ ಕಟ್ಟಿದ್ರು. ಆದರೆ ಅದರಲ್ಲಿ ಓದೋಕೆ ಆಗ್ತಿರಲಿಲ್ಲ.” ಅವಳು ನಮೂನೆಯ ಮೇಲೆ ಬೆರಳಿಟ್ಟಳು. “ಓದೋಕೆ ಆಗುತ್ತಾ ಅಂತ ನಿಮ್ಮ ಕಾಗದ ಕೇಳೋದೇ ಇಲ್ವಲ್ಲ ಸಾರ್.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ನನಗೆ ಅರ್ಥ ಆಗುತ್ತೆ. ಕಾಗದಕ್ಕೆ ಅರ್ಥ ಆಗಲ್ಲ. ಪುಸ್ತಕ ಇಡುವ ಸ್ಥಳ ಅಂತ ಮೇಲೇ ಬರೆದಿದೆ ನೋಡಿ. ಏಳರಿಂದ ಕೆಳಗೆ ಒಂದು ‘ಇದೆ’ ಬಂದ್ರೂ ಮೇಲಿನವರು ನನ್ನ ಚರ್ಮ ಸುಲೀತಾರೆ.” ನಮೂನೆಯನ್ನು ಮಡಚಲು ಹೋದರು. ಡ್ರೈವರು ಆಗಲೇ ಜೀಪಿನ ಬಾಗಿಲಿಗೆ ಕೈ ಹಾಕಿದ್ದ.

“ಒಂದು ನಿಮಿಷ ತಡೀರಿ,” ಅಂದಳು ದೊಡ್ಡಮ್ಮ. ಅವಳು ಅಲ್ಲಿದ್ದದ್ದೇ ಯಾರಿಗೂ ಗೊತ್ತಿರಲಿಲ್ಲ. “ನಿಮ್ಮ ಕಾಗದ ಕೇಳೋದು ಪುಸ್ತಕ ಇಡೋ ಜಾಗ ಅಲ್ವಾ? ಜನ ಕೂರೋ ಜಾಗ ಅಲ್ಲ ತಾನೇ?”

“ಹೌದಮ್ಮ.”

“ಕೂತ್ಕೊಳ್ಳಿ ಹಾಗಾದ್ರೆ. ಎದ್ದು ಹೋಗಬೇಡಿ.” ಮಂಡಿನೋವಿನ ಹೆಂಗಸು ಅಷ್ಟು ಬೇಗ ನಡೆದದ್ದನ್ನು ಊರು ಕಂಡಿರಲಿಲ್ಲ. ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು ಹೋದಳು.

ಆ ಕಾಲು ಗಂಟೆಯಲ್ಲಿ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಮೂರನೆಯ ಸಲ ನೋಡುವಷ್ಟರಲ್ಲಿ ಆಳುಗಳು ಏದುಸಿರು ಬಿಡುತ್ತ ಒಂದು ದೊಡ್ಡ ಮರದ ಪೆಟ್ಟಿಗೆಯನ್ನು ತಂದು ಓದುಮನೆಯೊಳಗೆ ಇಳಿಸಿದರು. ಗಿಡ್ಡ ಕಾಲುಗಳ, ಭಾರದ ಮುಚ್ಚಳದ, ಒಬ್ಬರು ಕಾಲು ಚಾಚಿ ಮಲಗಬಹುದಾದ ಪೆಟ್ಟಿಗೆ. ಮದುವೆಯ ವರ್ಷ ದೊಡ್ಡಪ್ಪ ಹೆಂಡತಿಗೆಂದು ಮಾಡಿದ್ದು. ಅದರಲ್ಲಿ ಅವಳ ಸೀರೆಗಳಿರುತ್ತಿದ್ದವು.

“ನಲವತ್ತು ವರ್ಷ ಆಯ್ತು ಸಾಹೇಬ್ರೇ. ಒಂದು ಇರುವೆ ಹೊಕ್ಕಿಲ್ಲ,” ಅಂದಳು ದೊಡ್ಡಮ್ಮ, ಮುಚ್ಚಳಕ್ಕೆ ಒಂದು ಪೆಟ್ಟು ಹಾಕಿ. “ನೀರಲ್ಲಿ ಬಿಟ್ರೂ ತೇಲುತ್ತೆ. ಬೀಗವೂ ಇದೆ. ಇದಕ್ಕೆ ಕೇಳಿ ನಿಮ್ಮ ಹನ್ನೆರಡೂ ಪ್ರಶ್ನೆ.”

“ದೊಡ್ಡಮ್ಮ, ನಿಮ್ಮ ಸೀರೆ?” ಮೇಷ್ಟ್ರಮ್ಮ ಕೇಳಿದಳು.

“ಹಗ್ಗದ ಮೇಲಿದಾವೆ. ಅವನ್ನ ಯಾರು ಓದಬೇಕು?”

ದೊಡ್ಡಪ್ಪ ಬಗ್ಗಿ ತನ್ನ ಹರೆಯದ ಕೆಲಸವನ್ನು ಪರೀಕ್ಷಿಸಿದ. ಮೂಲೆಯ ಸಂದಿಗೆ ಉಗುರು ತೂರಿಸಲು ನೋಡಿದ. ತೂರಲಿಲ್ಲ.

ಸಾಹೇಬರು ಪೆಟ್ಟಿಗೆಯನ್ನು ಒಂದು ಸುತ್ತು ಬಂದರು. ಆಮೇಲೆ ಹೊರಗೆ ಹೋಗಿ ಜೀಪಿನ ಬಾನೆಟ್ಟಿನ ಮೇಲೆ ನಮೂನೆ ಇಟ್ಟು, ‘ಪುಸ್ತಕ ಇಡುವ ಸ್ಥಳ’ ಎಂಬುದರ ಮುಂದೆ ‘ಪೆಟ್ಟಿಗೆ’ ಎಂದು ಬರೆದರು. ಏಳು: ಇಲ್ಲ. ಎಂಟು: ಇಲ್ಲ. ಬರೆಯುತ್ತ ಬರೆಯುತ್ತ ಅವರ ದನಿಯ ಧೂಳು ಸ್ವಲ್ಪ ಉದುರಿತು. “ಆದರೆ ಒಂದು ಮಾತು. ಇದರಲ್ಲಿ ಹಿಡಿದಷ್ಟೇ ಇಳಿಸ್ತೀನಿ. ಉಳಿದದ್ದು ಮುಂದಿನ ಊರಿಗೆ. ಮುಚ್ಚಳ ಮುಚ್ಚಲೇಬೇಕು.”

ಇದನ್ನು ಕೇಳಿದ್ದೇ ತಡ, ಲೆವೆಲ್ ಮೇಸ್ತ್ರಿ ಅಂಗಿಯ ತೋಳು ಮಡಚಿ ಮುಂದೆ ಬಂದ. ಪುಸ್ತಕಗಳನ್ನು ಅವನು ಜೋಡಿಸಲಿಲ್ಲ, ಕಟ್ಟಿದ: ಇಟ್ಟಿಗೆಯಂತೆ ಸಂದಿಗೆ ಸಂದಿ ಬಾರದ ಹಾಗೆ, ದಪ್ಪದ್ದು ಕೆಳಗೆ, ತೆಳ್ಳನೆಯದು ಸಂದಿಗೆ. ಮೇಷ್ಟ್ರಮ್ಮ ಪಕ್ಕದಲ್ಲಿ ನಿಂತು ಚಡಪಡಿಸಿದಳು. ದೊಡ್ಡ ನಿಘಂಟೊಂದು ಬಂದಾಗ ಮೇಸ್ತ್ರಿ ಅದನ್ನು ಎತ್ತಿ ಆಚೆಗಿಟ್ಟ. “ಇದು ಬೇಡ. ಇದೊಂದರ ಜಾಗದಲ್ಲಿ ಒಂಬತ್ತು ಹೋಗುತ್ತೆ.”

“ಇದು ಬೇಕೇ ಬೇಕು ಮೇಸ್ತ್ರಿ!”

“ಇದರಲ್ಲಿ ಕಥೆ ಇದೆಯಾ?”

“ಇಲ್ಲ. ಪದಗಳಿವೆ.”

“ಬರೀ ಪದ? ಅದು ನಮ್ಮ ಹತ್ತಿರವೇ ಬೇಕಾದಷ್ಟಿದೆ,” ಎಂದರೂ ಅವನು 	ಒಂಬತ್ತನ್ನು ತೆಗೆದು ನಿಘಂಟನ್ನು ಕೂರಿಸಿದ. ಆ ಒಂಬತ್ತರಲ್ಲಿ ಐದನ್ನು ಮತ್ತೆಲ್ಲೋ ತುರುಕಿದ. ನೂರ ಎಂಬತ್ತೆಂಟಕ್ಕೆ ಮುಚ್ಚಳ ಎರಡು ಬೆರಳು ಮೇಲೆ ನಿಂತಿತು. ಸಾಹೇಬರು ಅದೇ ಸಮಯಕ್ಕೆ ಜೀಪಿನ ಚಕ್ರದ ಗಾಳಿ ನೋಡಲು ಹೋದರು. ದೊಡ್ಡಪ್ಪ ಮುಚ್ಚಳದ ಮೇಲೆ ಕೂತ. ಅದು ಕಿರುಗುಟ್ಟಿ ಕೆಳಗೆ ಕೂತಿತು.

“ಮುಚ್ಚಿತಾ?” ಸಾಹೇಬರು ಕೂಗಿದರು.

“ಮುಚ್ಚಿತು,” ಎಂದಿತು ಊರು.

ಸಹಿಯಾಯಿತು. ಜೀಪು ಹೋಯಿತು, ನೂರ ಹನ್ನೆರಡು ಪುಸ್ತಕ ಮುಂದಿನ ಊರಿಗೆ ಹೋದವು. ಧೂಳು ಅಡಗಿದ ಮೇಲೆ ಎಲ್ಲರೂ ಓದುಮನೆಯೊಳಗೆ, ಗೋಡೆಗೆ ಬೆನ್ನು ಹಚ್ಚಿ, ಛಾಯಾಚಿತ್ರಕ್ಕೆ ನಿಂತವರಂತೆ ನಿಂತರು. ಪೆಟ್ಟಿಗೆಯ ಮೇಲೆ ಕೂತೇ ಇದ್ದ ದೊಡ್ಡಪ್ಪನ ಹೊರತು ಯಾರೂ ಅದರ ಹತ್ತಿರ ಬರಲಿಲ್ಲ. ಮೇಷ್ಟ್ರಮ್ಮನಿಗೆ ಹೊಸ ಭಯ ಹಿಡಿಯಿತು. ಪುಸ್ತಕ ಬಂತು, ಇನ್ನು ಇವರು ಒಬ್ಬೊಬ್ಬರಾಗಿ ನಮಸ್ಕಾರ ಹೇಳಿ ಮನೆಗೆ ಹೋಗಿಬಿಟ್ಟರೆ? ನಾಳೆಯಿಂದ ಬೀಗದ ಕೈ ಅವಳ ಕೊರಳಲ್ಲೇ ತೂಗುತ್ತ ಉಳಿದರೆ?

“ಏಳ್ರಿ ಅತ್ತ,” ದೊಡ್ಡಮ್ಮ ಗಂಡನಿಗೆ ಹೇಳಿದಳು. “ಸಿಂಹಾಸನ ಸಿಕ್ಕಿತು ಅಂತ ಕೂತುಬಿಟ್ರು. ನನ್ನ ಪೆಟ್ಟಿಗೆ ಒಳಗೆ ಏನು ತುಂಬಿದೀರಿ ಅಂತ ನಾನು ನೋಡಬೇಡ್ವಾ?”

ದೊಡ್ಡಪ್ಪ ಎದ್ದ. ಮುಚ್ಚಳ ತಾನೇ ಮೇಲೆ ಹಾರಿತು. ದೊಡ್ಡಮ್ಮ ಎಲ್ಲಕ್ಕಿಂತ ಮೇಲಿದ್ದ ಪುಸ್ತಕವನ್ನು ಸೆರಗಿನಿಂದ ಒರೆಸಿ ಮೇಷ್ಟ್ರಮ್ಮನ ಕೈಗಿಟ್ಟಳು. “ಇದೇನಿದು?”

ಮೇಷ್ಟ್ರಮ್ಮನ ಮುಖ ಇಳಿಯಿತು. “ಹೊಲಿಗೆ ಯಂತ್ರದ ದುರಸ್ತಿ ಅಂತ, ದೊಡ್ಡಮ್ಮ. ಬೇಡ, ಕೆಳಗೆ ಒಳ್ಳೆ ಕಥೆಗಳಿವೆ, ತೆಗೀತೀನಿ…”

“ಯಾಕೆ, ಇದು ಕೆಟ್ಟದ್ದಾ? ಸಾಹೇಬ್ರು ಕೊಟ್ಟದ್ದಲ್ವಾ? ಮೇಲೆ ಇರೋದನ್ನ ಬಿಟ್ಟು ಬುಡಕ್ಕೆ ಕೈ ಹಾಕಬಾರದು. ಓದು.”

“ನಾನಾ?”

“ಮತ್ತೆ ನಾನಾ? ನನ್ನ ಕಣ್ಣು ನೋಡು, ಸೂಜಿಗೆ ದಾರ ಪೋಣಿಸೋಕಾಗಲ್ಲ. ಗಟ್ಟಿಯಾಗಿ ಓದು, ಹಿಂದೆ ಇರೋರಿಗೂ ಕೇಳಲಿ.”

ದೊಡ್ಡಪ್ಪ ಗೋಡೆಗೊರಗಿ ನೆಲದ ಮೇಲೆ ಕೂತ. “ಓದು ಮಗಳೇ,” ಅಂದ.

ಮೇಷ್ಟ್ರಮ್ಮ ಮೊದಲ ಪುಟ ತೆರೆದಳು. ಶಾಲೆಯ ಪಾಠ ಬಿಟ್ಟರೆ ಇನ್ನೊಬ್ಬರ ಎದುರು ಅವಳು ಓದಿಯೇ ಇರಲಿಲ್ಲ. ಅಕ್ಷರಗಳು ಸ್ವಲ್ಪ ಹೊತ್ತು ಕುಣಿದವು. “ಅಧ್ಯಾಯ ಒಂದು. ಯಂತ್ರವು ಸದ್ದು ಮಾಡುತ್ತಿದ್ದಲ್ಲಿ ಮೊದಲು ಎಣ್ಣೆಯ ರಂಧ್ರಗಳನ್ನು ಪರೀಕ್ಷಿಸಬೇಕು.”

“ಅದು ಸರಿ,” ಅಂದ ದೊಡ್ಡಪ್ಪ. “ಯಾವುದಕ್ಕಾದರೂ ಎಣ್ಣೆ ಮೊದಲು.”

“ಎಣ್ಣೆ ಹಾಕಿಯೂ ಸದ್ದು ನಿಲ್ಲದಿದ್ದರೆ, ಯಂತ್ರವು ಸಮತಟ್ಟಾದ ನೆಲದ ಮೇಲೆ ಇದೆಯೇ ಎಂದು ನೋಡಬೇಕು.”

“ಹೇಳಲಿಲ್ವಾ ನಾನು!” ಲೆವೆಲ್ ಮೇಸ್ತ್ರಿ ಎದೆ ತಟ್ಟಿಕೊಂಡ. “ಬರೆದೇ ಬಿಟ್ಟಿದ್ದಾರೆ ನೋಡಿ! ಇನ್ನೊಂದು ಸಲ ಓದಿ ಅದನ್ನ.”

“ಸುಮ್ನಿರೋ, ಮುಂದಿಂದು ಕೇಳೋಣ,” ಎಂದು ಯಾರೋ ಹಿಂದಿನಿಂದ ಗದರಿದರು. ಬಾಗಿಲ ಹತ್ತಿರ ನಿಂತಿದ್ದ ಇಬ್ಬರು ಒಳಗೆ ಸರಿದು ಕೂತರು. ಆ ಊರಿನಲ್ಲಿ ಒಂದೂ ಹೊಲಿಗೆ ಯಂತ್ರವಿರಲಿಲ್ಲ. ಆದರೂ ದಾರ ಪದೇ ಪದೇ ಹರಿಯುವುದು ಸೂಜಿಯ ದೋಷವೋ ನೂಲಿನದೋ ಎಂಬಲ್ಲಿಗೆ ಬಂದಾಗ ಸಭೆ ಎರಡು ಪಕ್ಷವಾಯಿತು. ಪುಸ್ತಕ ಏನು ಹೇಳುತ್ತದೆಂದು ತಿಳಿಯಲು ಮೇಷ್ಟ್ರಮ್ಮ ಪುಟ ತಿರುಗಿಸುವವರೆಗೆ ಕಾಯುವಷ್ಟು ತಾಳ್ಮೆ ಎರಡು ಪಕ್ಷಕ್ಕೂ ಇರಲಿಲ್ಲ.